ದಾರ ಕಟ್ಟಿಟ್ಟ ಗಿಟಾರು

"ಅಯ್ಯೋ ಅತ್ತೆ, ಎಳೀಬೇಡಿ!" ಎಂದು ಮಗಳು ಕೂಗುವಷ್ಟರಲ್ಲಿ ಕೊನೆಯ ದಾರವೂ ಕಿತ್ತು ಬಂದಿತ್ತು. ಸೋದರತ್ತೆ ಅದನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿಯೇಬಿಟ್ಟರು.

"ಬಂದೋರು ಕೂತ್ಕೊಳ್ಳೋದು ಬೇಡ್ವಾ? ಮೇಜಿನ ತುಂಬ ವೈರು, ದಾರ. ಇವತ್ತೂ ಮನೆ ರಿಪೇರಿ ಅಂಗಡಿ ಥರ ಇರ್ಬೇಕಾ?"

"ಅದು ಅಮ್ಮ ಕಟ್ಟಿದ್ದ ದಾರ."

ಅತ್ತೆಯ ಮುಖ ಚಿಕ್ಕದಾಯಿತು.

ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನ ಸ್ಮಶಾನಕ್ಕೆ ಒಯ್ಯುವ ಗಾಡಿ ಬರಲಿತ್ತು. ಇಲ್ಲಿ ಊಟದ ಮೇಜಿನ ಮೇಲೆ ಅಪ್ಪನ ಗಿಟಾರು ಹೊಟ್ಟೆ ಬರಿದು ಮಾಡಿಕೊಂಡು ಬಿದ್ದಿತ್ತು. ಅರ್ಧ ಟೊಳ್ಳಾದ ಆ ಗಿಟಾರಿಗೆ ಹಿಂದೆ ಮುಚ್ಚಳವೆಂಬುದಿಲ್ಲ. ಒಳಗೆ ಏನೇ ಹೋಗಬೇಕಾದರೂ ಎದೆಯ ಮೇಲಿನ ಬಳುಕು ಸೀಳಿನಿಂದಲೇ ನುಸುಳಬೇಕು. ಹಳೆಯ ವೈರಿಂಗ್ ಹೊರಗೆಳೆಯುವ ಮೊದಲು ಅಮ್ಮ ಒಂದೊಂದು ನಾಬಿನ ಕಡ್ಡಿಗೂ ದಾರ ಕಟ್ಟಿದ್ದಳು. ಹೊಸದನ್ನು ಅದೇ ದಾರಕ್ಕೆ ಕಟ್ಟಿ ಎಳೆದರೆ ಸೀದಾ ತನ್ನ ತೂತಿಗೆ ಬಂದು ಕೂರುತ್ತಿತ್ತು. ಈಗ ದಾರಿಯೇ ಕಸದ ಬುಟ್ಟಿ ಸೇರಿತ್ತು.

"ಬಿಟ್ಬಿಡಮ್ಮ," ಅಪ್ಪ ಬಾಗಿಲಲ್ಲೇ ನಿಂತು ಹೇಳಿದ. "ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಡು. ಇನ್ನು ಯಾರಿಗೆ ನುಡಿಸ್ಲಿ?"

ಇವತ್ತು ಅಟ್ಟ ಹತ್ತಿದರೆ ಅದು ಮತ್ತೆ ಇಳಿಯುವುದಿಲ್ಲ, ಅಪ್ಪನೂ ಅದರ ಜೊತೆಗೇ ಮೂಕನಾಗುತ್ತಾನೆ ಎಂದು ಮಗಳಿಗೆ ಗೊತ್ತಿತ್ತು.

"ಗಾಡಿ ಬರೋ ಮುಂಚೆ ನೀನು ಅಮ್ಮಂಗೆ ನುಡಿಸ್ತೀಯ," ಅವಳು ತೋಳೇರಿಸಿದಳು. "ಹೋಗಿ ಮುಖ ತೊಳ್ಕೋ."

*

ಅಮ್ಮ ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವಳು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ವಾದ್ಯಗೋಷ್ಠಿಯ ಜೊತೆ ಬಂದ ಅಪ್ಪನ ಗಿಟಾರು ಹಾಡಿನ ನಡುವೆ ಕೈಕೊಟ್ಟಿತಂತೆ. ಪ್ರೇಕ್ಷಕರ ಸಾಲಿನಿಂದ ಒಬ್ಬ ಹುಡುಗಿ ವೇದಿಕೆ ಹತ್ತಿ, "ಕೊಡಿ ಇಲ್ಲಿ, ವೈರು ಬಿಟ್ಟಿದೆ" ಅಂದಳು. ಅಪ್ಪ ಗಿಟಾರು ಕೊಟ್ಟ, ಮನಸ್ಸೂ ಅದರ ಜೊತೆಗೇ ಹೋಯಿತು.

ಮದುವೆಯಾದ ಮೇಲೆ ಇಬ್ಬರಿಗೂ ಜಗಳವೆಂದರೆ ಒಂದೇ ವಿಷಯಕ್ಕೆ. ತಂತಿಯ ಮಿಡಿತ ಹಿಡಿದು ಸ್ಪೀಕರಿಗೆ ಕಳಿಸುವ ಆ ಹಳೇ ಪಿಕಪ್‌ಗಳು ಸದಾ ಗುಂಯ್ ಎನ್ನುತ್ತಿದ್ದವು. ಬದಲಾಯಿಸೋಣ ಎಂದು ಅಮ್ಮ, ಕೈಯಿಟ್ಟರೆ ನನ್ನ ದನಿಯೇ ಹೋಗುತ್ತದೆ ಎಂದು ಅಪ್ಪ.

"ರೀ, ನಿಮ್ಮ ದನಿ ಇರೋದು ನಿಮ್ಮ ಬೆರಳಲ್ಲಿ. ಗುಂಯ್ ಅನ್ನೋದು ಬರೀ ಕರೆಂಟು."

ಅವಳ ಶ್ವಾಸಕೋಶ ಕೆಟ್ಟ ಮೇಲೆ ಅಪ್ಪ ಸೋತ. ಅವಳು ಕೇಳಿದ್ದಕ್ಕೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡೇ ಅಮ್ಮ ಹೊಸ ಪಿಕಪ್‌ ಹಿಡಿದು ಮೇಜಿಗೆ ಕೂತಳು. ಕಾದ ಬೆಸುಗೆ ಕಡ್ಡಿಯ ಹತ್ತಿರ ಆಕ್ಸಿಜನ್ ಇರಕೂಡದು. ಹಾಗಾಗಿ ಸಿಲಿಂಡರ್ ಬಂದ್ ಮಾಡಿ, ಕೊಳವೆ ದೂರವಿಟ್ಟು ಒಂದು ಬೆಸುಗೆ. ಕಡ್ಡಿ ಆರಿಸಿ, ತಣಿದ ಮೇಲೆ ಒಂದಿಷ್ಟು ಉಸಿರು. ಆಮೇಲೆ ಇನ್ನೊಂದು ಬೆಸುಗೆ.

"ಇಷ್ಟು ಹಟ ಯಾಕಮ್ಮ?" ಎಂದು ಮಗಳು ರೇಗಿದ್ದಳು.

"ಹಟ ಅಲ್ವೇ, ಖುಷಿ," ಅಂದಿದ್ದಳು ಅಮ್ಮ.

*

ಬೆಸುಗೆಯೆಲ್ಲ ಮುಗಿದಿತ್ತು, ಒಳಗೆ ತೂರಿಸುವುದಷ್ಟೇ ಬಾಕಿ. ದಾರವಿಲ್ಲದಿದ್ದರೆ ನಾಬಿನ ಕಡ್ಡಿಯನ್ನು ಬಿಗಿಯಾಗಿ ಕಚ್ಚುವ ಮೆತ್ತನೆಯ ಕೊಳವೆ ಬೇಕು. ಮಗಳು ಮನೆಯೆಲ್ಲ ಜಾಲಾಡಿ, ಅಮ್ಮನ ಮಂಚದ ಬಳಿ ಬಂದು ನಿಂತಳು. ಸಿಲಿಂಡರಿನ ಮೇಲೆ ಆಕ್ಸಿಜನ್ ಕೊಳವೆ ಸುತ್ತಿಟ್ಟಿತ್ತು. ಕತ್ತರಿ ತೆಗೆದುಕೊಂಡಳು.

"ಅದನ್ನಾ?" ಅಪ್ಪ ಬೆಚ್ಚಿಬಿದ್ದ.

"ಅಮ್ಮ ಆಗಿದ್ರೆ ಏನ್ ಮಾಡೋಳು?"

ಅಪ್ಪ ಕೊಳವೆಯ ಇನ್ನೊಂದು ತುದಿ ಹಿಡಿದ. "ನಿನಗಿಂತ ಮುಂಚೇನೇ ಕತ್ತರಿಸಿರೋಳು," ಅಂದ.

ನಾಬಿನ ತೂತಿನಿಂದ ಕೊಳವೆ ಇಳಿಸಿ, ಸೀಳಿನಿಂದ ಕೊಕ್ಕೆ ಹಾಕಿ ಹೊರಗೆಳೆದು, ಅದರ ತುದಿಗೆ ಕಡ್ಡಿ ಸಿಕ್ಕಿಸಿ ಮೆಲ್ಲನೆ ಹಿಂದಕ್ಕೆಳೆದಳು. ಮಾಡಿದ ತಪ್ಪಿಗೆ ತಾವೇ ಶಿಕ್ಷೆ ಹಾಕಿಕೊಂಡಂತೆ ಅತ್ತೆ ಅಲ್ಲಾಡದೆ ಟಾರ್ಚ್ ಹಿಡಿದು ನಿಂತಿದ್ದರು.

"ಬಂತು ಬಂತು, ಮೂಗು ಕಾಣಿಸ್ತು!" ಎಂದು ಅವರು ಕೂಗಿದ್ದಕ್ಕೆ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದವರೂ ಇಣುಕಿ ನೋಡಿದರು.

ಪಿಕಪ್ ಕೂರಿಸಿ, ತಂತಿ ಬಿಗಿದು, ಶ್ರುತಿ ಮಾಡುವಷ್ಟರಲ್ಲಿ ಗಾಡಿ ಬಂದೇ ಬಂತು. ಡ್ರೈವರ್ ಒಳಗೊಮ್ಮೆ ನೋಡಿ, ಹೋಗಿ ಎಂಜಿನ್ ಆರಿಸಿದ.

ಅಪ್ಪ ಅಮ್ಮನ ಪಕ್ಕ ಕುರ್ಚಿ ಎಳೆದುಕೊಂಡು ನುಡಿಸಿದ. ಮೊದಲು ಹೆದರಿ ಹೆದರಿ ಮುಟ್ಟಿದ. ಆಮೇಲೆ ಕೈ ಸಡಿಲಬಿಟ್ಟು ನುಡಿಸಿದ. ದನಿ ಎಲ್ಲಿಗೂ ಹೋಗಿರಲಿಲ್ಲ. ಮೊದಲಿಗಿಂತ ನಿಚ್ಚಳವಾಗಿತ್ತು. ನಡುವೆ ನಾಬ್ ತಿರುಗಿಸಿದವನು ಮುಖ ಗಂಟಿಕ್ಕಿದ.

"ವಾಲ್ಯೂಮ್ ನಾಬ್ ಎರಡೂ ಅದಲುಬದಲಾಗಿದೆ ಕಣೇ."

"ಅವಸರದಲ್ಲಿ ಆಗಿದೆ. ನಾಳೆ ಬಿಚ್ತೀನಿ."

"ನಾಳೆ ಯಾಕೆ? ವಾಪಸ್ ಬಂದ ತಕ್ಷಣ ಮಾಡು. ಹೀಗಿದ್ರೆ ನಂಗೆ ನುಡಿಸೋಕಾಗಲ್ಲ."

ಮಗಳಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಅಪ್ಪ ಗಿಟಾರನ್ನು ಕುರ್ಚಿಗೆ ಒರಗಿಸಿ ಎದ್ದ. ಅತ್ತೆ ಆರಿಸಲೆಂದು ಸ್ಪೀಕರಿನ ಸ್ವಿಚ್ಚಿಗೆ ಕೈ ಹಾಕಿದರು. "ಇರ್ಲಿ ಬಿಡು," ಎಂದವನೇ ಹೋಗಿ ಅಮ್ಮನಿಗೆ ಹೆಗಲು ಕೊಟ್ಟ. ಮರದ ಹಲಗೆಯ ನೆಲದ ಮೇಲೆ ಹೊತ್ತವರ ಹೆಜ್ಜೆ ಬಿದ್ದಂತೆಲ್ಲ ಗಿಟಾರಿನ ತಂತಿಗಳು ತಾವಾಗಿಯೇ ನಡುಗಿದವು. ಯಾರೂ ಮುಟ್ಟದ ಒಂದು ಸಣ್ಣ ಸ್ವರ ಸ್ಪೀಕರಿನಿಂದ ಹೊರಟು, ಬಾಗಿಲು ದಾಟುವವರೆಗೂ ಅಮ್ಮನ ಹಿಂದೆಯೇ ಬಂತು.