ಜಾಡಿಯ ಮಳೆನೀರು

ಸಾರಕ್ಕಿಯ ಗಂಗಾಧರಯ್ಯನ ಹೆಂಡತಿ ಅಂಜನಮ್ಮ ಮಾಡಿದ ತಪ್ಪನ್ನು ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಬೇಳೆ ಬೇಯಿಸಿದಳು, ಅಷ್ಟೇ. ಆದರೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಅದು ಐವತ್ತೆಂಟನೇ ಇಸವಿ. ಜಯನಗರದ ಹೊಸ ಮನೆಗಳಲ್ಲಿ ಕರೆಂಟು ದೀಪ ಜಗಜಗ ಎನ್ನುತ್ತಿದ್ದರೆ ಸಾರಕ್ಕಿಗೆ ಇನ್ನೂ ಸೀಮೆಎಣ್ಣೆ ಬುಡ್ಡಿಯೇ ಗತಿ. ಗಂಗಾಧರಯ್ಯನ ತಮ್ಮ ಬೋರಣ್ಣ ಕಲಾಸಿಪಾಳ್ಯದ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಊರಿಗೆ ಕರೆಂಟು ಕಂಬ ಬರುವ ತನಕ ಕಾಯುವ ತಾಳ್ಮೆ ಆ ಪ್ರಾಣಿಗೆ ಎಲ್ಲಿಂದ ಬರಬೇಕು! ಹಳೆಯ ಲಾರಿಯ ಡೈನಮೋ ಒಂದನ್ನು ಹೊತ್ತು ತಂದ, ಹಲಸಿನ ಹಲಗೆ ಕೆತ್ತಿ ರೆಕ್ಕೆ ಮಾಡಿದ, ಮಾಳಿಗೆಯ ಮೇಲೆ ಕಂಬ ನೆಟ್ಟು ಕಟ್ಟಿದ. ಆಷಾಢದ ಗಾಳಿಗೆ ಅದು ಗಿರಗಿರನೆ ತಿರುಗಿ, ಕೆಳಗಿಟ್ಟ ಬ್ಯಾಟರಿ ತುಂಬಿ, ನಡುಮನೆಯಲ್ಲಿ ಬಲ್ಬು ಹೊತ್ತಿಕೊಂಡಾಗ ಊರಿಗೆ ಊರೇ ಬಾಗಿಲಲ್ಲಿ ನಿಂತಿತ್ತು. ಅಂಜನಮ್ಮನಿಗಂತೂ ಕಣ್ಣು ತುಂಬಿ ಬಂತು. ತಾಯಿಯಿಲ್ಲದ ಈ ಮೈದುನನನ್ನು ಏಳು ವರ್ಷದವನಿದ್ದಾಗಿನಿಂದ ತುತ್ತಿಟ್ಟು ಬೆಳೆಸಿದವಳು ಅವಳೇ.

ಬೋರಣ್ಣ ಅಂಗಳದಲ್ಲಿ ಬಿಳಿ ಪಂಚೆಯೊಂದನ್ನು ನಾಲ್ಕು ಮೂಲೆಗೆ ಎಳೆದು ಕಟ್ಟಿ ಮಳೆನೀರು ಹಿಡಿದ. ಅದನ್ನು ದೊಡ್ಡ ಪಿಂಗಾಣಿ ಜಾಡಿಗೆ ತುಂಬಿ ಅಡುಗೆಮನೆಯ ಮೂಲೆಯಲ್ಲಿಟ್ಟ.

"ಅಣ್ಣ, ಬ್ಯಾಟರಿಯಲ್ಲಿ ನೀರು ಕಮ್ಮಿಯಾದಾಗ ಈ ನೀರೇ ಹಾಕ್ಬೇಕು. ಬಾವಿ ನೀರು ಬಿದ್ರೆ ಬ್ಯಾಟರಿ ಸತ್ತೋಗುತ್ತೆ. ಅತ್ತಿಗಮ್ಮ, ನೀವೂ ನೋಡ್ಕೊಳಿ" ಎಂದ.

ಅಂಜನಮ್ಮ ಹೂಂಗುಟ್ಟಿದಳು. ಕೇಳಿಸಿಕೊಳ್ಳಲಿಲ್ಲ ಎಂದು ಅವಳು ಆಮೇಲೂ ಹೇಳುವ ಹಾಗಿರಲಿಲ್ಲ.

ಅವರ ಬಾವಿಯದು ಗಡಸು ನೀರು. ಅದರಲ್ಲಿ ತೊಗರಿಬೇಳೆ ಹಾಕಿ ಒಂದು ಹೊರೆ ಸೌದೆ ಉರಿಸಿದರೂ ಕಾಳು ಕಾಳಾಗಿಯೇ ಇರುತ್ತಿತ್ತು. ಮಳೆನೀರಾದರೆ ಬೆಣ್ಣೆಯ ಹಾಗೆ ಬೇಯುತ್ತದೆ ಎಂಬುದು ಆ ಕಡೆಯ ಹೆಂಗಸರಿಗೆಲ್ಲ ಗೊತ್ತು. ಗೌರಿ ಹಬ್ಬದ ದಿನ ಒಬ್ಬಟ್ಟಿನ ಬೇಳೆ ಬೇಯದೆ ಹಠ ಹಿಡಿದು ಕೂತಾಗ ಅವಳು ಜಾಡಿಗೆ ಕೈ ಹಾಕಿದಳು. ಒಂದೇ ಒಂದು ಚೊಂಬು. ಕಮ್ಮಿಯಾದದ್ದು ಕಾಣಬಾರದೆಂದು ಅಷ್ಟೇ ಬಾವಿ ನೀರು ಸುರಿದಳು. ಒಂದು ಚೊಂಬಿಗೆ ಏನಾಗಿಹೋಗುತ್ತೆ! ಗಂಡ ಬೆರಳು ನೆಕ್ಕಿಕೊಂಡು, "ಇಂಥಾ ಒಬ್ಬಟ್ಟು ನಮ್ಮವ್ವನೂ ಮಾಡಿರ್ಲಿಲ್ಲ ಕಣೇ" ಎಂದ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಬಂದ ಮೊದಲ ಹೊಗಳಿಕೆ ಅದು. ಅಲ್ಲಿಂದ ವಾರಕ್ಕೆರಡು ಸಲ ಚೊಂಬು ಜಾಡಿಗಿಳಿಯಿತು. ದೀಪಾವಳಿಯ ಹೊತ್ತಿಗೆ ಜಾಡಿಯಲ್ಲಿ ಮಳೆನೀರು ಹೆಸರಿಗೂ ಉಳಿದಿರಲಿಲ್ಲ. ಬ್ಯಾಟರಿಗೆ ಬೀಳುತ್ತಿದ್ದದ್ದೂ ಅದೇ ಜಾಡಿಯ ನೀರು.

ಕಾರ್ತಿಕದಲ್ಲಿ ಜರಗನಹಳ್ಳಿಯ ಶಾಂತವೀರಪ್ಪನವರು ನಾಲ್ಕು ಜನರನ್ನು ಕರೆದುಕೊಂಡು ದೀಪ ನೋಡಲು ಬಂದರು. ಮನಸ್ಸಿಗೆ ಬಂದರೆ ನಾಲ್ಕು ಮನೆಗೂ ಬೋರಣ್ಣನೇ ಕಟ್ಟಿಕೊಡಬೇಕು. ಅವನು ಗ್ಯಾರೇಜು ಬಿಟ್ಟು ಸ್ವಂತ ಶೆಡ್ಡು ಹಾಕಬೇಕು. ವಾರದಿಂದ ಮನೆಯಲ್ಲಿ ಅದೇ ಮಾತು. ಸಂಜೆ ಬೋರಣ್ಣ ಸ್ವಿಚ್ಚು ಒತ್ತಿದ, ಬಲ್ಬು ಹೊತ್ತಿತು. ಬಂದವರು ಎಲೆ ಅಡಿಕೆ ಹಾಕಿಕೊಳ್ಳುವುದರೊಳಗೆ ಕೆಂಪಗಾಗಿ ಆರಿಯೇ ಹೋಯಿತು. ಗಾಳಿಗೇನೂ ಕೊರತೆಯಿರಲಿಲ್ಲ, ಮೇಲೆ ರೆಕ್ಕೆ ತಿರುಗುತ್ತಲೇ ಇತ್ತು.

"ಯಾವನೋ ಬಿಸಾಕಿದ್ದ ಬ್ಯಾಟರಿ ತಂದು ನನ್ನ ಮಾನ ಕಳೆದ್ಯಲ್ಲೋ!" ಎಂದು ಗಂಗಾಧರಯ್ಯ ಎಲ್ಲರೆದುರಿಗೇ ತಮ್ಮನಿಗೆ ಉಗಿದ. ಶಾಂತವೀರಪ್ಪನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ಮರೆಯಲ್ಲಿದ್ದ ಅಂಜನಮ್ಮ ತಿರುಗಿ ಮೂಲೆಯ ಜಾಡಿಯನ್ನು ನೋಡಿದಳು.

ಮಾರನೆಯ ಬೆಳಿಗ್ಗೆ ಬೋರಣ್ಣ ಅಡುಗೆಮನೆಗೆ ಬಂದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ.

"ಅತ್ತಿಗಮ್ಮ, ಜಾಡಿಯಲ್ಲಿರೋದು ಮಳೆನೀರೇ ತಾನೆ? ಯಾರೂ ಮುಟ್ಟಿಲ್ವಲ್ಲ?"

ಹೇಳಿಬಿಡಬೇಕಾಗಿತ್ತು, ಆಗಲೇ ಹೇಳಿಬಿಡಬೇಕಾಗಿತ್ತು. ಆದರೆ ಪಕ್ಕದ ಕೋಣೆಯಲ್ಲಿ ಗಂಡ ಇನ್ನೂ ಸಿಡಿಮಿಡಿ ಎನ್ನುತ್ತಿದ್ದ. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು: "ಅದನ್ಯಾರು ಮುಟ್ತಾರಪ್ಪ? ನೀನಿಟ್ಟಂಗೇ ಐತೆ."

"ನೀವು ಹೇಳಿದ್ಮೇಲೆ ಆಯ್ತು" ಎಂದು ಅವನು ಹೊರಟುಹೋದ.

ಅಲ್ಲಿಂದ ಹದಿನೈದು ದಿನ ಅವನು ಡೈನಮೋ ಬಿಚ್ಚುವುದು, ತಾಮ್ರದ ತಂತಿ ಸುತ್ತುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. "ನಾನೇ ಎಲ್ಲೋ ತಪ್ಪು ಮಾಡಿದೀನಿ" ಎಂದು ತನ್ನಲ್ಲೇ ಗೊಣಗಿಕೊಳ್ಳುತ್ತಿದ್ದ. ಅಂಜನಮ್ಮ ಹೇಳಬೇಕೆಂದು ಹೋಗುವಳು, ತಂತಿ ಸುತ್ತುವ ಅವನ ಬೆರಳು ನೋಡಿ ವಾಪಸು ಬರುವಳು. ನಾನು ಸಾಕಿದ ಮಗುವಿನ ಹೊಟ್ಟೆ ಉರಿಸುತ್ತಿದ್ದೇನಲ್ಲ, ನನ್ನಂಥ ಪಾಪಿ ಯಾರಿದ್ದಾಳೆ ಎಂದು ಒಲೆಯ ಮುಂದೆ ಕೂತು ಅತ್ತಳು.

ಕೊನೆಗೊಂದು ಭಾನುವಾರ ಮಧ್ಯಾಹ್ನ, ಅಣ್ಣತಮ್ಮ ಇಬ್ಬರೂ ಊಟಕ್ಕೆ ಕೂತಿದ್ದಾಗ, ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

ಗಂಗಾಧರಯ್ಯ ಬಿದ್ದು ಬಿದ್ದು ನಕ್ಕ. "ಬೇಳೆ ಬೇಯ್ಸೋಕೆ ಬ್ಯಾಟರಿ ಕೊಂದ್ಯಲ್ಲೇ! ಹೋಗ್ಲಿ ಬಿಡು, ಹೊಸದು ತಂದ್ರಾಯ್ತು. ಅಲ್ವೇನೋ ಬೋರಣ್ಣ?"

ಬೋರಣ್ಣ ನಗಲಿಲ್ಲ. "ಡೈನಮೋ ನಿನ್ನೆ ಗುಜರಿಗೆ ಹಾಕ್ದೆ ಅಣ್ಣ. ಶಾಂತವೀರಪ್ಪನೋರಿಗೂ ಹೇಳ್ಬಂದೆ, ಈ ಕೆಲಸ ನನ್ನ ಕೈಲಾಗಲ್ಲ ಅಂತ."

"ಬೈಯಪ್ಪ, ಬಾಯಿಗೆ ಬಂದಂಗೆ ಬೈದುಬಿಡು ನನ್ನ" ಎಂದಳು ಅಂಜನಮ್ಮ.

"ನೀರಿಗೋಸ್ಕರ ಯಾಕೆ ಬೈಲಿ ಅತ್ತಿಗಮ್ಮ? ಅವತ್ತು ನಿಮ್ಮನ್ನ ಕೇಳ್ದೆ. ನೀವು ಹೇಳಿದ್ರಿ ಅಂತ ನೀರೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಅನುಮಾನ ಪಟ್ಟೆ. ನನ್ನ ಕೈಯನ್ನೂ."

ಅಷ್ಟು ಹೇಳಿ ಅವನು ತಟ್ಟೆ ಖಾಲಿ ಮಾಡಿ ಎದ್ದ.

ಆಮೇಲೂ ಬೋರಣ್ಣ ಅದೇ ಮನೆಯಲ್ಲಿದ್ದ. ಬಡಿಸಿದ್ದನ್ನು ಉಂಡ, ಕರೆದರೆ ಓಗೊಟ್ಟ, ಮರ್ಯಾದೆಯಲ್ಲಿ ಕೂದಲೆಳೆಯಷ್ಟೂ ಕಮ್ಮಿ ಮಾಡಲಿಲ್ಲ. ಆದರೆ ಅತ್ತಿಗೆಯನ್ನು ಏನನ್ನೂ ಕೇಳುವುದನ್ನು ಬಿಟ್ಟುಬಿಟ್ಟ. ಸ್ನಾನಕ್ಕೆ ನೀರು ಕಾದಿದೆ ಎಂದು ಅವಳು ಕೂಗಿ ಹೇಳಿದರೂ, ಬಚ್ಚಲಿಗೆ ಹೋಗಿ ಹಂಡೆಯಲ್ಲಿ ತಾನೇ ಕೈ ಅದ್ದಿ ನೋಡುತ್ತಿದ್ದ.