ಎಡಗೆನ್ನೆಯ ಸಾಕ್ಷಿ

ರೇಜರ್ ಮಾಡುವ ಆ ಕಾರ್ಖಾನೆಯಲ್ಲಿ ಗಡ್ಡ ಬಿಟ್ಟುಕೊಂಡು ಬಂದವನಿಗೇ ಮರ್ಯಾದೆ. ಪರೀಕ್ಷೆಯ ದಿನ ಯಾರಾದರೂ ಮರೆತು ನುಣ್ಣಗೆ ಬೋಳಿಸಿಕೊಂಡು ಬಂದರೋ, ಗೇಟಿನವನೇ ಉಗಿದು ಒಳಗೆ ಬಿಡುತ್ತಿದ್ದ. ಎರಡನೇ ಮಹಡಿಯಲ್ಲಿ ಸಾಲಾಗಿ ಕನ್ನಡಿ, ಸಾಲಾಗಿ ಬೇಸಿನ್ ಇದ್ದ ಕೋಣೆಗೆ ಕಾಗದದಲ್ಲಿ ಏನೇನೋ ದೊಡ್ಡ ಹೆಸರಿತ್ತು. ಕೆಲಸದವರ ಬಾಯಲ್ಲಿ ಅದು ಬೋಳಿಸೋ ರೂಮು. ಬೇರೆ ಬೇರೆ ವಿಭಾಗದ ಗಂಡಸರು ಬೆಳಗ್ಗೆ ಅಲ್ಲಿಗೆ ಬಂದು ಮುಖಕ್ಕೆ ನೊರೆ ಹಚ್ಚಿಕೊಂಡು, ಒಂದು ಕೆನ್ನೆಗೆ ಒಂದು ರೇಜರ್, ಇನ್ನೊಂದಕ್ಕೆ ಇನ್ನೊಂದು ಎಳೆದು, ಹೇಗಿದೆ ಎಂದು ಹೇಳಿ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು. ಹಳೆಯ ಮಾಲು ಬಲಗೆನ್ನೆಗೆ, ಹೊಸತು ಎಡಗೆನ್ನೆಗೆ. ಕೋಣೆ ಶುರುವಾದಾಗಿನಿಂದ ಅದೇ ರೂಢಿ. ಯಾವುದು ಯಾವುದೆಂದು ತಿಳಿಯಬಾರದೆಂದು ರೇಜರಿನ ಹಿಡಿಗೂ ತಲೆಯ ಬೆನ್ನಿಗೂ ಕಪ್ಪು ಟೇಪು ಸುತ್ತಿ, ತೂಕ ಸಮ ಮಾಡಿ ಕೊಡುತ್ತಿದ್ದರು, ನಿಜ. ಆದರೆ ಎಡ ಬಲ ಗೊತ್ತಿದ್ದವರ ಕಣ್ಣಿಗೆ ಟೇಪು ಸುತ್ತಿ ಏನು ಬಂತು?

ಆ ಗಂಡಸರಲ್ಲಿ ಮುಳ್ಳಣ್ಣನಿಗೆ ಮೊದಲ ಕನ್ನಡಿ. ಇದ್ದದ್ದು ರೇಜರಿನ ತಲೆ ಎರಕ ಹೊಯ್ಯುವ ಅಚ್ಚಿನ ವಿಭಾಗದಲ್ಲಿ. ಅವನ ಗಡ್ಡ ತಂತಿಯಂಥದು, ಚರ್ಮ ಮಾತ್ರ ಎಳೆ ಮಗುವಿನದು. ಅದಕ್ಕೇ ಆ ಹೆಸರು. ಅವನ ಕೆನ್ನೆ ಒಪ್ಪಿದರೆ ಮಾಲು ಪಾಸು.

ಅವನ ಅಕ್ಕ ಕೆಳಗೆ ಪಾಲಿಶ್ ವಿಭಾಗದಲ್ಲಿದ್ದಳು. ಅವನೊಬ್ಬನಿಗಲ್ಲ, ಇಡೀ ಕಾರ್ಖಾನೆಗೇ ಅವಳು ಅಕ್ಕ. ರೇಜರಿನ ತಲೆಯಲ್ಲಿ ಚರ್ಮಕ್ಕೆ ತಾಗುವ ಅಂಚೊಂದಿರುತ್ತದೆ, ದಾರದಷ್ಟು ತೆಳ್ಳಗೆ. ಅದನ್ನು ತಿರುಗುವ ಚಕ್ರಕ್ಕೆ ಒಂದೊಂದಾಗಿ ಹಿಡಿದು ಕೈಯಿಂದಲೇ ನುಣುಪು ಮಾಡುವುದು ಆ ಕೋಣೆಯ ಹೆಂಗಸರ ಕೆಲಸ. ‘ಪ್ರತಿಯೊಂದೂ ಕೈಯಿಂದ’ ಎಂದು ಡಬ್ಬಿಯ ಮೇಲೆ ಚಿನ್ನದ ಅಕ್ಷರದಲ್ಲಿ ಹಾಕಿ, ಆ ಒಂದು ಮಾತಿಗೇ ಕಂಪನಿ ಉಳಿದವರಿಗಿಂತ ಹಲವು ಪಟ್ಟು ಬೆಲೆ ಕೀಳುತ್ತಿತ್ತು. ಆ ಕೈಗಳ ಉಗುರಿನ ಸಂದಿಯಿಂದ ಕಪ್ಪು ಹೋದದ್ದನ್ನು ಯಾರೂ ನೋಡಿರಲಿಲ್ಲ. ಅಕ್ಕನ ಹೆಬ್ಬೆರಳು ಈಚೆಗೆ ಮಡಚಲೂ ಬರುತ್ತಿರಲಿಲ್ಲ. ಚಿನ್ನದ ಅಕ್ಷರದಲ್ಲಿ ಅದರ ಸುದ್ದಿ ಇರಲಿಲ್ಲ.

ಈಗ ಕಂಪನಿ ಅಗ್ಗದ ರೇಜರ್ ತರುತ್ತಿತ್ತು. ಮಾರಾಟದ ಸಾಹೇಬ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದ: “ಇದು ನಮ್ಮ ಮನೆಯ ಮೊದಲ ಮೆಟ್ಟಿಲು. ಸಾಮಾನ್ಯರು ಮೊದಲು ಮೆಟ್ಟಿಲು ಹತ್ತಲಿ, ಆಮೇಲೆ ತಾವೇ ಒಳಗೆ ಬರ್ತಾರೆ.”

“ನಾವೂ ಸಾಮಾನ್ಯರೇ ಸಾರ್, ಬಂದ ದಿನದಿಂದ ಮೆಟ್ಟಿಲ ಮೇಲೇ ಕೂತಿದೀವಿ,” ಎಂದು ಪ್ಯಾಕಿಂಗ್ ವಿಭಾಗದ ‘ರೇಡಿಯೊ’ ಎಂಬವನು ಹಿಂದಿನಿಂದ ಕೂಗಿದ. ಬಾಯಿ ಮುಚ್ಚದ ಅವನಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ. ಸಾಹೇಬನೂ ನಕ್ಕ. ನಗುವುದಕ್ಕೂ ಅವನಿಗೆ ಸಂಬಳವಿತ್ತು.

ಅಗ್ಗದ ರೇಜರಿನಲ್ಲಿ ಕೈಕೆಲಸ ಇರಲಿಲ್ಲ. ತಲೆಗಳನ್ನು ಸಣ್ಣ ಕಲ್ಲುಗಳ ಜೊತೆ ದೊಡ್ಡ ಡ್ರಮ್ಮಿಗೆ ಸುರಿದು ಹೊರಳಿಸಿದರೆ ಅಂಚು ತಾನೇ ನುಣುಪಾಗುತ್ತದಂತೆ. ಡ್ರಮ್ಮು ಬಂದು ಕೂತ ದಿನವೇ ಪಾಲಿಶಿನ ಹೆಂಗಸರಿಗೆ ತಿಳಿಯಿತು: ಇದು ಮಾರುಕಟ್ಟೆಯಲ್ಲಿ ನಿಂತರೆ ನಮ್ಮ ಕೋಣೆ ಮುಚ್ಚುತ್ತದೆ.

ಮುಳ್ಳಣ್ಣ ಡ್ರಮ್ಮಿನಿಂದ ಬಂದ ಒಂದು ಪೀಸು ಎತ್ತಿಟ್ಟುಕೊಂಡು ಮನೆಯಲ್ಲಿ ಎಳೆದು ನೋಡಿದ. ಬಲಕ್ಕೆ ಅಕ್ಕನ ಕೈಯದು, ಎಡಕ್ಕೆ ಡ್ರಮ್ಮಿನದು. ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಎರಡೂ ಒಂದೇ.

“ಹೇಗಿದೆಯೋ?” ಎಂದು ಅಕ್ಕ ಕೇಳಿದಳು. ಅವಳು ಹೆಬ್ಬೆರಳನ್ನು ಬಿಸಿನೀರಿನ ಲೋಟಕ್ಕೆ ಒತ್ತಿ ಹಿಡಿದು ಕೂತಿದ್ದಳು.

ಅವನ ಬಾಯಿಗೆ ನಿಜ ಬರಲಿಲ್ಲ. “ಎಳೆಯುತ್ತೆ ಅಕ್ಕ. ನಿನ್ನದರ ಹತ್ತಿರಕ್ಕೂ ಬರಲ್ಲ.”

ಅಕ್ಕನ ಮುಖ ಅರಳಿತು. “ನಂಗೊತ್ತಿತ್ತು. ಕಲ್ಲಿಗೇನು ಗೊತ್ತಾಗತ್ತೆ ಕೆನ್ನೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ಹೇಗೂ ಎಳೆಯುತ್ತಲ್ಲ. ಪರೀಕ್ಷೆ ದಿನ ನೀವೆಲ್ಲ ಎಡಗಡೆ ಸ್ವಲ್ಪ ಒತ್ತಿಬಿಡಿ. ರಕ್ತ ಬಂದ್ರೆ ಯಾವ ಸಾಹೇಬ ಪಾಸ್ ಮಾಡ್ತಾನೆ? ಸುಳ್ಳೇನಲ್ಲ ಕಣೋ. ಇರೋದನ್ನೇ ಸ್ವಲ್ಪ ಜೋರಾಗಿ ಹೇಳೋದು,” ಎಂದಳು.

ಅವನಾಡಿದ ಸುಳ್ಳಿನ ಮೇಲೆ ಅವಳು ಮನೆ ಕಟ್ಟಿಬಿಟ್ಟಿದ್ದಳು. ಕೆಡವುವ ತ್ರಾಣ ಅವನಿಗಿರಲಿಲ್ಲ. ಮಾತು ಒಬ್ಬರಿಂದೊಬ್ಬರಿಗೆ ದಾಟಿ ಬೋಳಿಸೋ ರೂಮಿನ ಅಷ್ಟೂ ಗಂಡಸರನ್ನು ಮುಟ್ಟಿತು. “ಹೆಂಡತಿಗೋಸ್ಕರ ಕೆನ್ನೆ ಕೆರೆಸಿಕೊಂಡಿದೀನಿ, ಅಕ್ಕನಿಗೋಸ್ಕರ ಕೆರ್ಕೊಳ್ಳೋದೇನು ದೊಡ್ಡದು?” ಎಂದ ರೇಡಿಯೊ. ಒಬ್ಬನೂ ಆಗುವುದಿಲ್ಲ ಎನ್ನಲಿಲ್ಲ.

ಪರೀಕ್ಷೆಯ ಬೆಳಗ್ಗೆ ಕೋಣೆಯಲ್ಲಿ ಎಂದಿನ ಗಲಾಟೆ ಇರಲಿಲ್ಲ. ಪರೀಕ್ಷೆ ನಡೆಸಲು ಹೊಸದಾಗಿ ಬಂದಿದ್ದ ಮೇಡಂ ಟೇಪು ಸುತ್ತಿದ ರೇಜರುಗಳನ್ನು ಟ್ರೇಯಲ್ಲಿಟ್ಟು, “ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ,” ಎಂದು ಹಂಚಿದಳು. ಮುಳ್ಳಣ್ಣ ಬಲಗೆನ್ನೆಯನ್ನು ಹಗುರಾಗಿ ಮುಗಿಸಿದ. ಎಡಗೆನ್ನೆಗೆ ರೇಜರ್ ಇಟ್ಟು ಉಸಿರು ಬಿಗಿಹಿಡಿದು ಒತ್ತಿ ಅಡ್ಡ ಎಳೆದ. ನೊರೆಯಲ್ಲಿ ಕೆಂಪು ಗೆರೆ ಮೂಡಿತು. ಪಕ್ಕದ ಕನ್ನಡಿಯಲ್ಲೂ ಮೂಡಿತು. ಅದರ ಪಕ್ಕದ್ದರಲ್ಲೂ. ರೇಡಿಯೊ ತುಸು ಜಾಸ್ತಿಯೇ ನಿಷ್ಠೆ ತೋರಿಸಿ, “ಅಯ್ಯಯ್ಯೋ ಸತ್ತೆ!” ಎಂದು ಟವೆಲು ಒತ್ತಿಕೊಂಡ. ಹೆಂಗಸರ ನಾಲ್ಕು ಕಾಸಿನ ಕೆಲಸ ಉಳಿಸಲು ತಮ್ಮ ಮುಖ ತಾವೇ ಕುಯ್ದುಕೊಳ್ಳುತ್ತಿದ್ದ ಆ ಗಂಡಸರು ಒಬ್ಬರನ್ನೊಬ್ಬರು ಕನ್ನಡಿಯಲ್ಲಿ ನೋಡಿ ಕಣ್ಣು ಮಿಟುಕಿಸಿದರು.

ಮೇಡಂ ಗಾಬರಿಯಿಂದ ಒಬ್ಬೊಬ್ಬರ ಕೆನ್ನೆಯನ್ನೂ ನೋಡಿದಳು. ಸಾಹೇಬನನ್ನು ಕರೆಸಿದಳು. ಅವನೆದುರಿಗೆ ಎಡಗಡೆಯ ರೇಜರಿನ ಟೇಪು ಬಿಚ್ಚಿದಳು. ಒಳಗಿಂದ ಬಂದದ್ದು ಚಿನ್ನದ ಅಕ್ಷರದ ಡಬ್ಬಿಯ ಮಾಲು. ಅಕ್ಕನ ಕೈಯದು.

“ಎಲ್ಲರಿಗೂ ಎಡ ಬಲ ಬಾಯಿಪಾಠ ಆಗಿರತ್ತೆ ಅಂತ ಈ ಸಲ ಅದಲು ಬದಲು ಮಾಡಿದ್ದೆ ಸರ್,” ಎಂದಳು ಮೇಡಂ. ಅವಳು ಯಾರ ಮೇಲೂ ಹಗೆ ಸಾಧಿಸಿರಲಿಲ್ಲ, ತನ್ನ ಕೆಲಸ ನೆಟ್ಟಗೆ ಮಾಡಿದ್ದಳು ಅಷ್ಟೆ.

ಮುಳ್ಳಣ್ಣ ಕೆನ್ನೆ ಮುಟ್ಟಿಕೊಂಡ. ಅಕ್ಕನ ಕೆಲಸ ತನ್ನ ಕೆನ್ನೆಯ ಮೇಲೇ ಹಾದುಹೋಗಿತ್ತು, ಅದು ಅವಳದೆಂದು ಕೆನ್ನೆಗೆ ಗೊತ್ತಾಗಿರಲಿಲ್ಲ. ಕೋಣೆಯಲ್ಲಿ ಒಬ್ಬನ ಕೆನ್ನೆಗೂ ಗೊತ್ತಾಗಿರಲಿಲ್ಲ.

ಸಾಹೇಬನಿಗೆ ಮಾತ್ರ ಹಬ್ಬ. “ಅಗ್ಗದ್ದು ಗೆದ್ದಿದೆ! ಅಂದಮೇಲೆ ದುಬಾರಿ ರೇಜರನ್ನೂ ಡ್ರಮ್ಮಿಗೇ ಹಾಕೋಣ. ಸುಮ್ನೆ ಯಾಕೆ ಅಷ್ಟು ಜನ?”

ಎಲ್ಲರೂ ಹೋದ ಮೇಲೆ ಮುಳ್ಳಣ್ಣ ಸಾಹೇಬನ ಕೋಣೆಗೆ ಹೋದ. ಗಾಯಕ್ಕೆ ಅಂಟಿಸಿದ್ದ ಕಾಗದದ ಚೂರು ಇನ್ನೂ ಕೆನ್ನೆಯ ಮೇಲಿತ್ತು. “ಸಾರ್, ನಾವು ಬೇಕೂಂತ ಕುಯ್ಕೊಂಡಿದ್ದು. ಆ ಪರೀಕ್ಷೆ ಲೆಕ್ಕಕ್ಕಿಲ್ಲ.”

ಸಾಹೇಬ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಿತ್ತು. “ಸರಿ, ಇನ್ನೊಮ್ಮೆ ಮಾಡೋಣ. ನೆಟ್ಟಗೆ ಬೋಳಿಸಿಕೊಂಡ್ರೆ ಏನು ಹೇಳತ್ತೆ ನಿನ್ನ ಕೆನ್ನೆ?”

ಮುಳ್ಳಣ್ಣ ನೆಲ ನೋಡಿದ. “ಎರಡೂ ಒಂದೇ.”

“ಮತ್ತೆ?”

ಅವನು ಬಾಗಿಲವರೆಗೆ ಬಂದು ತಿರುಗಿದ. “ಎರಡೂ ಒಂದೇ ಆದ್ರೆ ದುಬಾರಿಯದರ ಬೆಲೆ ಇಳಿಸ್ತೀರಾ ಸಾರ್?”

“ಅದ್ಯಾಕೆ ಇಳಿಸಬೇಕು?” ಸಾಹೇಬನಿಗೆ ನಿಜಕ್ಕೂ ಅಚ್ಚರಿಯಾಗಿತ್ತು. “ಡಬ್ಬಿ ಅದೇ ಇರತ್ತಲ್ಲ.”

ಸಂಜೆ ಗೇಟಿನಾಚೆ ಅಕ್ಕ ಕಾದಿದ್ದಳು. ಸುದ್ದಿ ಅವನಿಗಿಂತ ಮೊದಲೇ ಕೆಳಗಿಳಿದಿತ್ತು. ಕಾರ್ಖಾನೆಯ ಗೋಡೆಯುದ್ದಕ್ಕೂ ಇಬ್ಬರೂ ನಡೆದರು. ಬಸ್ಸುಗಳು ತುಂಬಿಕೊಂಡು ನಿಲ್ಲದೆ ಹೋದವು. ತಿರುವಿನಲ್ಲಿ ಅಕ್ಕ ನಿಂತಳು.

“ನಿಂಗೂ ಗೊತ್ತಾಗಲಿಲ್ವೇನೋ?”

“ಇಲ್ಲ ಅಕ್ಕ. ಮನೇಲಿ ನೋಡಿದಾಗ್ಲೂ ಗೊತ್ತಾಗಿರಲಿಲ್ಲ. ಎಳೆಯುತ್ತೆ ಅಂದಿದ್ದು ಸುಳ್ಳು.”

ಅಕ್ಕ ಬೈಯುತ್ತಾಳೆಂದು ಕಾದ. ಅವಳು ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಸಾಮಾನಿನಂತೆ ನೋಡಿಕೊಂಡಳು. ಆಮೇಲೆ ಮೂಗಿನಲ್ಲೇ ಒಂದು ನಗು ಬಂತು.

“ಇಷ್ಟು ವರ್ಷದಿಂದ ಜನರ ಕೆನ್ನೆ ನೋಯಬಾರದು ಅಂತ ಉಜ್ಜಿದೆನಲ್ಲೋ. ಕೆನ್ನೆಗೂ ನಂಗೂ ಸಂಬಂಧವೇ ಇರಲಿಲ್ಲ. ನಾನು ಉಜ್ತಾ ಇದ್ದದ್ದು ಅವರ ಬೆಲೆಯನ್ನ. ಈಗ ಅದು ಹೊಳೀತಾ ಇದೆ, ನಾನು ಬೇಡ.”

“ಬೆಲೆ ಇಳಿಸಲ್ಲವಂತೆ. ಕೇಳಿದೆ. ಡಬ್ಬಿ ಅದೇ ಇರತ್ತಂತೆ.”

“ಅಂದ್ರೆ ‘ಪ್ರತಿಯೊಂದೂ ಕೈಯಿಂದ’ ಅಂತಲೇ ಬರೆದು ಮಾರ್ತಾರಾ?”

“ಹ್ಞೂಂ.”

“ಕೈಗಳನ್ನ ಹೊರಗೆ ಹಾಕಿ?” ಅಕ್ಕನ ದನಿ ಮೊದಲ ಸಲ ಏರಿತು. ದಾರಿಹೋಕರಿಬ್ಬರು ತಿರುಗಿ ನೋಡಿದರು. “ಕೊಂಡವರ ತಲೆ, ನಮ್ಮ ತಲೆ, ಎಲ್ಲ ಒಂದೇ ರೇಜರಲ್ಲಿ ಬೋಳಿಸ್ತಾರೆ ಅನ್ನು! ನಾಳೆ ಬೆಳಗ್ಗೆ ನಾವು ಹೆಂಗಸರು ಒಳಗೆ ಹೋಗಲ್ಲ. ಗೇಟಿನಲ್ಲಿ ನಿಂತು, ಕೊಳ್ಳೋಕೆ ಬರೋ ವ್ಯಾಪಾರಿಗಳಿಗೆಲ್ಲ ಈ ಕೈ ತೋರಿಸ್ತೀವಿ. ಈ ಕೈ ಇನ್ನು ಒಳಗಿಲ್ಲ, ಡಬ್ಬಿ ಓದಿ ಮೋಸ ಹೋಗಬೇಡಿ ಅಂತೀವಿ. ನಿನ್ನ ಗಂಡಸರನ್ನೂ ಕರ್ಕೊಂಡು ಬಾ.”

ಮುಳ್ಳಣ್ಣನ ಕೆನ್ನೆಯ ಗಾಯ ಬೆವರಿಗೆ ಉರಿಯುತ್ತಿತ್ತು. ಗೇಟು, ಪೊಲೀಸು, ಸಾಹೇಬನ ನಗು, ಮತ್ತೆ ಖಾಲಿ ಕೈಯಲ್ಲಿ ವಾಪಸು, ಎಲ್ಲವೂ ಆಗಲೇ ನಡೆದುಹೋಗಿವೆಯೇನೋ ಎನ್ನಿಸಿತು.

“ಸುಸ್ತಾಗಿದೆ ಅಕ್ಕ.”

“ನಂಗೇನು ಆಗಿಲ್ವಾ? ಸುಸ್ತು ಹೋದಮೇಲೆ ಬಾ ಅಂದ್ನಾ ನಾನು? ಹಾಗೇ ಬಾ,” ಎಂದು ಅಕ್ಕ ನಡೆದಳು.

ಅವನು ಮೊದಲು ರೇಡಿಯೊನ ಮನೆಯ ಕಡೆಗೆ ತಿರುಗಿ, ಭಾರದ ಕಾಲು ಎಳೆಯುತ್ತ ಹೊರಟ.