ಕೆರೆದಂಡೆಯ ಕರಿಯುಂಡೆ

ಬದಲಾಪುರದಲ್ಲಿ ಲೋಕಲ್ ಇಳಿದು ರಮಾಮಣಿ ರಿಕ್ಷಾ ಹತ್ತಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಕೆರೆಗೆ ಎಂದದ್ದೇ ರಿಕ್ಷಾದ ಅಂಬಾದಾಸ ಕನ್ನಡಿಯಲ್ಲಿ ಗುರುತು ಹಿಡಿದ.

"ಮೌಶಿ, ಒಬ್ಬರೇನಾ? ನಮ್ಮ ಪತ್ಥರ್‌ವಾಲೇ ಕಾಕಾ ಎಲ್ಲಿ, ಕಲ್ಲು ಹೆಕ್ಕಲು ಬರಲಿಲ್ವಾ?"

"ಚಳಿಗಾಲದಲ್ಲಿ ಹೋಗಿಬಿಟ್ಟರು ಮಾರಾಯ."

ಅವನು ರೇಡಿಯೋ ಆರಿಸಿದ.

ಗಂಡ ರಮಾಕಾಂತರು ಈ ಕೆರೆದಂಡೆಯಿಂದ ಹೆಕ್ಕಿ ತಂದ ಹರಳುಗಳೆಲ್ಲ ಠಾಣೆಯ ಮನೆಯ ಶೋಕೇಸಿನಲ್ಲಿದ್ದವು. ನಡುವೆ ಕಲ್ಲಿನದೊಂದು ಬರೀ ಕರಿಯುಂಡೆ. ಮದುವೆಯ ಹೊಸತರಲ್ಲಿ ಇಬ್ಬರೂ ಸೇರಿ ಬಂಡೆಯಿಂದ ಕಿತ್ತದ್ದು. ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣಗೆ ಉರುಳುವುದು. "ಒಡೆಯಲಾ, ಬಿಡಲಾ?" ಎಂದು ಅವರು ಆಗಾಗ ಕೇಳುವರು. "ಇರಲಿ ಬಿಡಿ" ಎಂದು ಇವಳು ಅನ್ನುವಳು.

ಅವರು ತೀರಿಕೊಂಡ ದಿನ ಭಟ್ಟರು ಅಪರಕ್ರಿಯೆಗೆ ಒಂದು ಕಲ್ಲು ಕೇಳಿದರು. ಗಡಿಬಿಡಿಯಲ್ಲಿ ಮಗ ಮನೀಶ ಚಂದದ್ದನ್ನೆಲ್ಲ ಬಿಟ್ಟು ಆ ಕರಿಯುಂಡೆಯನ್ನೇ ಎತ್ತಿಕೊಟ್ಟ. ಎಳ್ಳುನೀರು ಬಿಟ್ಟದ್ದು ಅದರ ಮೇಲೆ. ಹತ್ತನೆಯ ದಿನ ಸಮುದ್ರದ ಕವಲಾದ ಖಾಡಿಯ ಉಪ್ಪುನೀರಿಗೆ ಹಾಕಿಬಂದದ್ದೂ ಅದನ್ನೇ. ರಮಾಮಣಿಗೆ ಗೊತ್ತಾದದ್ದು ಶೋಕೇಸ್ ಒರೆಸುವಾಗ.

"ಕಪ್ಪು ಕಲ್ಲಲ್ವಾ ಅಮ್ಮ! ಕೆರೆ ಹತ್ತಿರ ರಾಶಿ ಬಿದ್ದಿರ್ತದೆ, ಇನ್ನೊಂದು ತಂದರಾಯ್ತು," ಎಂದಿದ್ದ ಮನೀಶ.

ತರಲೆಂದೇ ಬಂದಿದ್ದಳು. ಕೆರೆ ಒಳಕ್ಕೆ ಸರಿದು, ದಂಡೆಯ ಕೆಸರು ಬಿರುಕು ಬಿಟ್ಟಿತ್ತು. ಉಂಡೆ ಕಿತ್ತ ಜಾಗ ಮಾತ್ರ ಗೊತ್ತಿಲ್ಲ. ಇಷ್ಟು ವರ್ಷವೂ ಕೊಡೆ, ಊಟದ ಡಬ್ಬಿ ಹಿಡಿದು ಹಿಂದೆ ನಡೆದವಳು. ನೋಡಿದ್ದು ಅವರ ಬೆನ್ನನ್ನು. ತನಗೆ ಗೊತ್ತಿದ್ದದ್ದು ಊಟಕ್ಕೆ ಕೂರುವ ಚಪ್ಪಟೆ ಬಂಡೆ ಒಂದೇ. ಅದನ್ನು ಹುಡುಕಿ, ನೀರಿಗೆ ಮುಖ ಮಾಡಿ ಕೂತಳು. ಇಲ್ಲಿ ಕೂತಾಗ ಅವರ ಸುತ್ತಿಗೆಯ ಸದ್ದು ಯಾವಾಗಲೂ ಎಡಗಿವಿಗೆ ಬರುತ್ತಿತ್ತು. ಎದ್ದು ಎಡಕ್ಕೆ ನಡೆದಳು.

ಕಾಯಿತುರಿ ಚೆಲ್ಲಿದಂತೆ ಬಿಳಿ ಚುಕ್ಕೆಯ ಬಂಡೆ ಸಿಕ್ಕಿತು. ಅದರ ಮೈತುಂಬ ಗುಳಿ, ಕೆಲವು ಗುಳಿಗಳಲ್ಲಿ ಉಂಡೆ. ಒಂದನ್ನು ಕಿತ್ತು ಅಲ್ಲಾಡಿಸಿದಳು, ಮಾತಿಲ್ಲ. ಇನ್ನೊಂದೂ ಹಾಗೆಯೇ. ಸಡಿಲವಾಗಿದ್ದ ಮತ್ತೊಂದನ್ನು ಕಿವಿಗೆ ಹಿಡಿದರೆ, ಒಳಗೆ ಅದೇ ಸಣ್ಣ ಸದ್ದು.

ಕೈಯಲ್ಲಿ ಹಿಡಿದು ನಿಂತಳು. ಒಡೆಯಲಾ, ಬಿಡಲಾ ಎಂದು ಯಾರೂ ಕೇಳಲಿಲ್ಲ.

ಅದನ್ನು ಮತ್ತೆ ಅದರ ಗುಳಿಯಲ್ಲೇ ಕೂರಿಸಿದಳು. ಅಷ್ಟರಲ್ಲಿ ಮನೀಶನ ಫೋನು.

"ಸಿಕ್ಕಿತಾ ಅಮ್ಮ?"

"ಜಾಗ ಸಿಕ್ಕಿತು ಮಗ."

"ಕಲ್ಲು?"

"ಅದು ಖಾಡಿಯಲ್ಲಿದೆಯಲ್ಲ."

ಚಪ್ಪಟೆ ಬಂಡೆಗೆ ಮರಳಿ ಡಬ್ಬಿ ಬಿಚ್ಚಿದಳು. ತುತ್ತು ಎತ್ತುವಾಗಲೂ ಕಿವಿ ಎಡಗಡೆಗೇ ಇತ್ತು.